ಫೋನಿನ ಆಚೆ ಕೂತ ಡಾಕ್ಟ್ರಿಗೆ ಎಷ್ಟು ಹೊಣೆ?

ಕಳೆದ ಸೆಮಿಸ್ಟರಿನ ಎರಡನೇ ಇಂಟರ್ನಲ್ಸ್‌ಗೆ ಹಿಂದಿನ ರಾತ್ರಿ. ಗಂಟೆ 11.30 ಆಗಿತ್ತು. ನಮ್ಮ ರೂಮ್‌ಮೇಟ್, ಸಿವಿಲ್ ಬ್ರಾಂಚಿನವನು, ಮಧ್ಯಾಹ್ನದಿಂದ ಹೊಟ್ಟೆ ನೋವು ಅಂತಿದ್ದ. ನಾವು ಮೆಸ್ಸಿನ ಪಲಾವ್ ಮೇಲೆ ತಪ್ಪು ಹೊರಿಸಿ ಸುಮ್ಮನಾಗಿದ್ವಿ. ರಾತ್ರಿ ಆಗೋ ಹೊತ್ತಿಗೆ ಅವನು ಮಂಚದ ಮೇಲೆ ಕಾಲು ಮಡಚಿಕೊಂಡು ಮಲಗಿದ್ದ, ಮಾತಾಡ್ತಿರಲಿಲ್ಲ. ಆ ಹೊತ್ತಿನಲ್ಲಿ ಹಾಸ್ಟೆಲ್ ಗೇಟ್ ತೆಗೆಸಬೇಕು ಅಂದ್ರೆ ವಾರ್ಡನ್‌ರನ್ನು ಎಬ್ಬಿಸಬೇಕು. ಹಾಗಾಗಿ ಎಲ್ಲರೂ ಮಾಡೋದನ್ನೇ ಮಾಡಿದ್ವಿ: ಒಂದು ಆ್ಯಪ್ ಹಾಕ್ಕೊಂಡು, 399 ರೂಪಾಯಿ ಕಟ್ಟಿ, ಡಾಕ್ಟ್ರ ಜೊತೆ ಚಾಟ್ ಶುರು ಮಾಡಿದ್ವಿ.

ಎರಡು ಮೆಸೇಜ್ ಆದ ಮೇಲೆ ಆ ಡಾಕ್ಟರ್ ಮೇಡಂ ಚಾಟ್ ಸಾಕು, ವಿಡಿಯೋಗೆ ಬನ್ನಿ ಅಂದ್ರು. ನೋವು ಮೊದಲು ಎಲ್ಲಿ ಶುರುವಾಯ್ತು ಅಂತ ಕೇಳಿದ್ರು. ಹೊಕ್ಕಳ ಹತ್ತಿರ ಅಂದ. ಈಗ ಎಲ್ಲಿದೆ? ಬಲಗಡೆ ಕೆಳಗೆ. ವಾಂತಿ ಆಯ್ತಾ, ಜ್ವರ ಇದೆಯಾ, ಊಟ ಸೇರ್ತಿದೆಯಾ ಅಂತ ಕೇಳಿದ ಮೇಲೆ, "ಎದ್ದು ನಿಂತು ಒಂದು ಸಲ ಜಂಪ್ ಮಾಡಪ್ಪಾ" ಅಂದ್ರು. ನಮಗೆ ನಗು ಬಂತು. ಅವನು ಒಂದಿಂಚು ಹಾರಿ, ಹೊಟ್ಟೆ ಹಿಡ್ಕೊಂಡು ಹಾಗೇ ಕೂತುಬಿಟ್ಟ.

"ನಾನು ಯಾವ ಮಾತ್ರೆಯನ್ನೂ ಬರೆಯಲ್ಲ. ಏನೂ ತಿನ್ನಬೇಡ. ಸರ್ಜನ್ ಇರೋ ಆಸ್ಪತ್ರೆಗೆ ಈಗಲೇ ಹೋಗಿ, ಬೆಳಗ್ಗೆವರೆಗೆ ಕಾಯಬೇಡಿ" ಅಂತ ಹೇಳಿ, ಅದನ್ನೇ ಟೈಪ್ ಮಾಡಿ ಕಳಿಸಿದ್ರು. ಕೆಳಗೆ ಅವರ ಹೆಸರು, ನೋಂದಣಿ ಸಂಖ್ಯೆ. ಅಷ್ಟೇ.

ನಿಜ ಹೇಳಬೇಕು ಅಂದ್ರೆ ಆ ಕ್ಷಣಕ್ಕೆ ನಮಗೆ ಕೋಪ ಬಂತು. 399 ರೂಪಾಯಿ ತಗೊಂಡು ಒಂದು ನೋವಿನ ಮಾತ್ರೆ ಕೂಡ ಬರೆಯಲ್ಲ ಅಂದ್ರೆ ಏನರ್ಥ? ಆದರೂ ವಾರ್ಡನ್‌ರನ್ನು ಎಬ್ಬಿಸಿ, ಆಟೋ ಹಿಡಿದು ಹೋದ್ವಿ. ಬೆಳಗಿನ ಜಾವ ಅಪೆಂಡಿಕ್ಸ್ ಆಪರೇಷನ್ ಆಯ್ತು. ಇನ್ನೂ ತಡ ಮಾಡಿದ್ರೆ ಒಡೆಯೋ ಸ್ಥಿತಿಯಲ್ಲಿತ್ತು ಅಂತ ಅಲ್ಲಿನ ಸರ್ಜನ್ ಹೇಳಿದ್ರು.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಒಬ್ಬ ಕೇಳಿದ: "ಮಗಾ, ಆ ಮೇಡಂ ಗ್ಯಾಸ್ ಅಂತ ಹೇಳಿ ಮಾತ್ರೆ ಬರೆದಿದ್ರೆ? ಅವರೆಲ್ಲೋ ಇರ್ತಾರೆ, ನಾವೆಲ್ಲೋ ಇರ್ತೀವಿ. ಯಾರನ್ನ ಕೇಳೋದು?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೀತಿದ್ದೀವಿ. ನಾವು ಲಾ ಸ್ಟೂಡೆಂಟ್ಸ್ ಅಲ್ಲ. ಕಾನೂನಿನ ಕನ್ನಡವೂ ನಮಗೆ ಹೊಸದು, ಹೈಸ್ಕೂಲ್‌ವರೆಗೆ ಎಲ್ಲಾ ಇಂಗ್ಲಿಷಲ್ಲೇ ಓದಿದವರು. ಹಾಗಾಗಿ ನಮಗೆ ಅರ್ಥವಾದ ಮಾತಲ್ಲೇ ಹೇಳ್ತೀವಿ.

ಕಾನೂನಲ್ಲಿ 'ಡ್ಯೂಟಿ ಆಫ್ ಕೇರ್' ಅನ್ನೋ ಮಾತಿದೆ. ನಾವದನ್ನು ಕಾಳಜಿಯ ಹೊಣೆ ಅಂತ ಕರೆಯೋಣ. ಇಲ್ಲಿ ಕಾಳಜಿ ಅಂದ್ರೆ ಪ್ರೀತಿ, ಕರುಣೆ ಅಲ್ಲ. ಒಬ್ಬ ಡಾಕ್ಟರ್ ನಿಮ್ಮನ್ನು ರೋಗಿ ಅಂತ ಒಪ್ಪಿಕೊಂಡ ಕ್ಷಣದಿಂದ, ಅದೇ ಓದು ಓದಿದ ಇನ್ನೊಬ್ಬ ಜವಾಬ್ದಾರಿಯುತ ಡಾಕ್ಟರ್ ಎಷ್ಟು ಎಚ್ಚರ ವಹಿಸ್ತಿದ್ರೋ ಅಷ್ಟು ಎಚ್ಚರವನ್ನು ಅವರೂ ವಹಿಸಬೇಕು. ವಾಸಿ ಮಾಡ್ತೀನಿ ಅಂತ ಗ್ಯಾರಂಟಿ ಕೊಡಬೇಕಿಲ್ಲ. ಎಚ್ಚರ ತಪ್ಪಿದರೆ, ಅದರಿಂದಲೇ ರೋಗಿಗೆ ಹಾನಿಯಾದರೆ, ಅದು ನಿರ್ಲಕ್ಷ್ಯ.

ಈ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಹಳೇ ತೀರ್ಪೊಂದನ್ನು ಎಲ್ಲರೂ ಉಲ್ಲೇಖಿಸ್ತಾರೆ. 1953ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಪಾಲ್ಶೇತ್ ಅನ್ನೋ ಊರಿನ ಸಮುದ್ರದಂಡೆಯಲ್ಲಿ ನಮ್ಮದೇ ವಯಸ್ಸಿನ, 20 ವರ್ಷದ ಹುಡುಗನೊಬ್ಬನ ತೊಡೆಮೂಳೆ ಮುರೀತು. ಮನೆಯವರು ಅವನನ್ನು ಅಷ್ಟು ದೂರದಿಂದ ಪುಣೆಗೆ ತಂದರು. ಅಲ್ಲಿ ಸರಿಯಾಗಿ ಅರಿವಳಿಕೆ ಕೊಡದೆ, ಬಲ ಹಾಕಿ ಮೂಳೆ ಎಳೆದು ಪ್ಲಾಸ್ಟರ್ ಹಾಕಿದರು. ಆ ಆಘಾತದಿಂದಲೇ ಹುಡುಗ ತೀರಿಕೊಂಡ ಅಂತ ಕೋರ್ಟ್ ತೀರ್ಮಾನಿಸಿತು. ಲಕ್ಷ್ಮಣ ಬಾಲಕೃಷ್ಣ ಜೋಶಿ ವಿರುದ್ಧ ತ್ರಿಂಬಕ ಬಾಪು ಗೋಡಬೋಲೆ ಅಂತ ಆ ಕೇಸಿನ ಹೆಸರು. 1968ರಲ್ಲಿ ತೀರ್ಪು ಬಂತು, ಅಂದ್ರೆ ಹುಡುಗ ಸತ್ತ 15 ವರ್ಷದ ಮೇಲೆ.

ಡಾಕ್ಟ್ರ ಹೊಣೆ ಮೂರು ಹಂತದ್ದು ಅಂತ ಆ ತೀರ್ಪು ಹೇಳ್ತು. ಈ ಕೇಸನ್ನು ನಾನು ಕೈಗೆ ತಗೋಬೇಕಾ ಬೇಡ್ವಾ ಅಂತ ನಿರ್ಧರಿಸುವಾಗ ಎಚ್ಚರ. ಯಾವ ಚಿಕಿತ್ಸೆ ಅಂತ ನಿರ್ಧರಿಸುವಾಗ ಎಚ್ಚರ. ಆ ಚಿಕಿತ್ಸೆ ಕೊಡುವಾಗ ಎಚ್ಚರ.

ಮೊದಲ ಸಲ ಓದಿದಾಗ ನಾವು ಮೊದಲನೇದನ್ನು ಲೈಟಾಗಿ ತಗೊಂಡ್ವಿ. ಕ್ಲಿನಿಕ್ಕಿಗೆ ಬಂದವರನ್ನ ನೋಡದೆ ಕಳಿಸ್ತಾರಾ, ಅದೇನು ದೊಡ್ಡ ವಿಷಯ ಅಂತ. ಆದರೆ ಟೆಲಿಮೆಡಿಸಿನ್‌ಗೆ ಬಂದಾಗ ಇಡೀ ಆಟ ನಡೆಯೋದೇ ಆ ಮೊದಲನೇ ಹಂತದಲ್ಲಿ. ಈ ಕಾಯಿಲೆಯನ್ನು ಫೋನಲ್ಲಿ ನೋಡಬಹುದಾ? ಚಾಟ್ ಸಾಕಾ, ವಿಡಿಯೋ ಬೇಕಾ, ಇಲ್ಲಾ ಕೈಯಿಂದ ಮುಟ್ಟಿ ನೋಡಲೇಬೇಕಾ? ನಮ್ಮ ಮೇಡಂ ಆ ರಾತ್ರಿ ಚಾಟ್‌ನಿಂದ ವಿಡಿಯೋಗೆ, ವಿಡಿಯೋದಿಂದ ಆಸ್ಪತ್ರೆಗೆ ನಮ್ಮನ್ನು ತಳ್ಳಿದ್ದು ಇದೇ ಲೆಕ್ಕದಲ್ಲಿ. ನಮಗೆ ಕೈಕೊಟ್ಟ ಹಾಗೆ ಕಂಡಿದ್ದೇ ಅವರು ಮಾಡಿದ ಚಿಕಿತ್ಸೆ.

ಫಸ್ಟ್ ಇಯರ್ ಲ್ಯಾಬಲ್ಲಿ ಲೀಸ್ಟ್ ಕೌಂಟ್ ಮಾಡಿದ್ದು ನೆನಪಿದೆಯಾ? 0.1 ಮಿಲಿಮೀಟರ್ ತೋರಿಸೋ ಅಳತೆ ಹಿಡ್ಕೊಂಡು ರೆಕಾರ್ಡಲ್ಲಿ 0.01ರ ರೀಡಿಂಗ್ ಬರೆದ್ರೆ ಸರ್ ಕೆಂಪು ಇಂಕಲ್ಲಿ ಅಡ್ಡಗೆರೆ ಎಳೀತಾರೆ. ವಿಡಿಯೋ ಕಾಲ್ ಕೂಡ ಒಂದು ಅಳತೆ ಸಾಧನ. ಮುಖದ ಬಣ್ಣ, ಉಸಿರಾಟದ ವೇಗ, ಚರ್ಮದ ಮೇಲಿನ ಗುಳ್ಳೆ ಸುಮಾರಾಗಿ ಕಾಣುತ್ತೆ. ಹೊಟ್ಟೆ ಗಟ್ಟಿಯಾಗಿದೆಯಾ ಅನ್ನೋದು ಕಾಣಲ್ಲ, ಎದೆಯೊಳಗಿನ ಸದ್ದು ಕೇಳಲ್ಲ. ಸಾಧನ ತೋರಿಸದೇ ಇರೋದನ್ನು ತೋರಿಸ್ತು ಅಂತ ಬರೆಯೋದೇ ಇಲ್ಲಿ ತಪ್ಪು.

ನಮ್ಮ ದೇಶದಲ್ಲಿ ಇದಕ್ಕೆ ಬರೆದಿಟ್ಟ ನಿಯಮ ಬಂದಿದ್ದು ತೀರಾ ಇತ್ತೀಚೆಗೆ. ಟೆಲಿಮೆಡಿಸಿನ್ ಮಾತ್ರ ಹಳೇದು, ಅದರಲ್ಲೂ ನಮ್ಮ ರಾಜ್ಯದಲ್ಲಿ. 2002ರಲ್ಲೇ ಇಸ್ರೋ ಉಪಗ್ರಹದ ಲಿಂಕ್ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದರು. ನಾವು ಹುಟ್ಟೋಕೂ ಮೊದಲು! ಆದರೆ ಆ ವ್ಯವಸ್ಥೆಯಲ್ಲಿ ಒಂದು ಮುಖ್ಯ ವಿಷಯ ಇತ್ತು. ಅದರ ಎರಡೂ ತುದಿಯಲ್ಲಿ ಡಾಕ್ಟರ್ ಇದ್ದರು. ಚಾಮರಾಜನಗರದವರು ರೋಗಿಯನ್ನು ಮುಟ್ಟಿ ನೋಡಿ, ಇಸಿಜಿ ತೆಗೆದು ಕಳಿಸ್ತಿದ್ರು. ಬೆಂಗಳೂರಿನವರು ನೋಡಿ ಸಲಹೆ ಕೊಡ್ತಿದ್ರು. ಇವತ್ತಿಗೂ ಒಬ್ಬ ಡಾಕ್ಟರ್ ಇನ್ನೊಬ್ಬ ಡಾಕ್ಟ್ರನ್ನು ದೂರದಿಂದ ಸಲಹೆ ಕೇಳಿದ್ರೆ, ರೋಗಿಯ ಹೊಣೆ ಕೇಳಿದವರ ಮೇಲೇ ಉಳಿಯುತ್ತೆ ಅಂತ ನಿಯಮ ಹೇಳುತ್ತೆ. ಸ್ಮಾರ್ಟ್‌ಫೋನ್ ಬಂದ ಮೇಲೆ ಆ ಒಂದು ತುದಿಯ ಡಾಕ್ಟರ್ ಮಾಯವಾದರು. ಅಲ್ಲಿ ಈಗ ಹಾಸ್ಟೆಲ್ ರೂಮಲ್ಲಿ ಹೊಟ್ಟೆ ಹಿಡ್ಕೊಂಡಿರೋ ಹುಡುಗ, ಅವನ ಸುತ್ತ ಏನೂ ಗೊತ್ತಿಲ್ಲದ ನಾವು.

ಕೋರ್ಟುಗಳಿಗೆ ಫೋನ್ ವೈದ್ಯದ ಮೇಲೆ ಮೊದಲಿಂದ ಅನುಮಾನವೇ. 2009ರಲ್ಲಿ ಮಾರ್ಟಿನ್ ಡಿಸೋಜಾ ಕೇಸಲ್ಲಿ ಸುಪ್ರೀಂ ಕೋರ್ಟ್ ಡಾಕ್ಟ್ರುಗಳಿಗೆ ಕೆಲವು ಮುನ್ನೆಚ್ಚರಿಕೆಗಳನ್ನು ಪಟ್ಟಿ ಮಾಡಿತು. ಸಾಮಾನ್ಯವಾಗಿ ರೋಗಿಯನ್ನು ಪರೀಕ್ಷೆ ಮಾಡದೆ ಔಷಧಿ ಬರೆಯಬಾರದು, ತೀವ್ರ ತುರ್ತು ಇದ್ದಾಗ ಬಿಟ್ಟು ಫೋನಲ್ಲಿ ಔಷಧಿ ಹೇಳೋ ಅಭ್ಯಾಸ ಬಿಡಬೇಕು, ರೋಗಿ ಹೇಳಿದ ಲಕ್ಷಣಗಳನ್ನಷ್ಟೇ ನಂಬಿ ಕೂರಬಾರದು ಅಂತ.

ಆಮೇಲೆ 2018. ಮತ್ತೆ ರತ್ನಗಿರಿಯೇ, ಕಾಕತಾಳೀಯ ನೋಡಿ. ಅಲ್ಲಿ ಸಿಸೇರಿಯನ್ ಆಗಿ ಮನೆಗೆ ಹೋಗಿದ್ದ ಮಹಿಳೆಯೊಬ್ಬರು ಆರೋಗ್ಯ ಕೆಟ್ಟು ಮತ್ತೆ ಅದೇ ಆಸ್ಪತ್ರೆಗೆ ಬಂದರು. ಡಾಕ್ಟರ್ ಊರಲ್ಲಿರಲಿಲ್ಲ. ಫೋನ್ ಮೇಲೆಯೇ ದಾಖಲು ಮಾಡ್ಕೊಂಡು, ಫೋನ್ ಮೇಲೆಯೇ ಔಷಧಿ ಹೇಳಿದರು. ನೋಡಿಕೊಳ್ಳೋಕೆ ಬೇರೆ ಡಾಕ್ಟರ್ ಇರಲಿಲ್ಲ. ಆಕೆ ಉಳಿಯಲಿಲ್ಲ. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಆ ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ಕೊಡೋಕೆ ಒಪ್ಪಲಿಲ್ಲ. ರೋಗ ಏನು ಅಂತ ಪತ್ತೆ ಮಾಡದೆ ಔಷಧಿ ಬರೆಯೋದು ಅಪರಾಧದ ಮಟ್ಟದ ನಿರ್ಲಕ್ಷ್ಯ ಅಂತ ಹೇಳಿತು. ಇದು ಜಾಮೀನಿನ ಆದೇಶ, ತಪ್ಪು ಸಾಬೀತಾದ ತೀರ್ಪಲ್ಲ. ಈ ವ್ಯತ್ಯಾಸವನ್ನು ತುಂಬಾ ಜನ ಮರೀತಾರೆ. ಆದರೂ ದೇಶದ ಡಾಕ್ಟ್ರುಗಳಲ್ಲಿ ದೊಡ್ಡ ಗಾಬರಿ ಹುಟ್ಟಿತು. ಫೋನ್ ಎತ್ತಿ ಒಂದು ಮಾತು ಹೇಳಿದ್ರೂ ಜೈಲಾ?

ಈ ಗೊಂದಲ ಬಗೆಹರಿಯೋಕೆ ಕೊರೊನಾ ಬರಬೇಕಾಯ್ತು. 2020ರ ಮಾರ್ಚ್ 25, ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನ. ನಾವೆಲ್ಲ ಸ್ಕೂಲ್ ರಜಾ ಅಂತ ಖುಷಿಯಲ್ಲಿದ್ವಿ. ಅದೇ ದಿನ, ಆಗ ವೈದ್ಯಕೀಯ ಮಂಡಳಿಯ ಜಾಗದಲ್ಲಿದ್ದ ಆಡಳಿತ ಮಂಡಳಿ ನೀತಿ ಆಯೋಗದ ಜೊತೆ ಸೇರಿ ತಯಾರಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಅದೇ ವರ್ಷ ಮೇ ತಿಂಗಳಲ್ಲಿ ಅದನ್ನು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಗೆ ಸೇರಿಸಿದರು. ಅಂದ್ರೆ ಅದು ಬರೀ ಉಪದೇಶ ಅಲ್ಲ, ಮೀರಿದರೆ ವೃತ್ತಿ ದುರ್ನಡತೆ ಅಂತ ವೈದ್ಯಕೀಯ ಪರಿಷತ್ತು ಕ್ರಮ ತಗೋಬಹುದು.

ಅದರ ತಿರುಳು ಒಂದೇ ವಾಕ್ಯದಲ್ಲಿದೆ. ಎದುರಿಗೆ ಕೂತ ರೋಗಿಗೆ ಯಾವ ಮಟ್ಟದ ಎಚ್ಚರ ವಹಿಸ್ತೀರೋ ಅದೇ ಮಟ್ಟವನ್ನು ಇಲ್ಲೂ ಕಾಪಾಡಬೇಕು, ಟೆಲಿಮೆಡಿಸಿನ್ನಿನ ಸಹಜ ಮಿತಿಗಳ ಒಳಗೆ. ನಾವು ಇದನ್ನು ಓದಿ ಸ್ವಲ್ಪ ಹೊತ್ತು ಜಗಳವಾಡಿದ್ವಿ. ಒಬ್ಬ ಹೇಳಿದ, "ಅದೇ ಮಟ್ಟ ಅಂತಾರೆ, ಆಮೇಲೆ ಮಿತಿಗಳ ಒಳಗೆ ಅಂತಾರೆ. ಇದು ಲೂಪ್‌ಹೋಲ್ ಅಲ್ವಾ?" ನಮ್ಮ ಪ್ರಕಾರ ಅಲ್ಲ. ಮಿತಿ ಇದೆ ಅನ್ನೋದು ತಪ್ಪಿಸಿಕೊಳ್ಳೋಕೆ ನೆಪ ಆಗಲ್ಲ, ಅದೇ ಇನ್ನೊಂದು ಹೊಣೆ ಆಗುತ್ತೆ: ಮಿತಿ ಎಲ್ಲಿ ಮುಗೀತು ಅಂತ ಗುರುತಿಸಿ, ಅಲ್ಲಿ ನಿಲ್ಲಿಸಿ, ರೋಗಿಯನ್ನು ಆಸ್ಪತ್ರೆಗೆ ಕಳಿಸೋದು. ಈ ತೀರ್ಮಾನವನ್ನು ಮಾರ್ಗಸೂಚಿ ಡಾಕ್ಟ್ರ ಕೈಗೇ ಬಿಟ್ಟಿದೆ, ಆ್ಯಪ್ ಕಂಪನಿಯ ಕೈಗಲ್ಲ. ತುರ್ತು ಸ್ಥಿತಿ ಇದ್ರೆ ಪ್ರಥಮ ಚಿಕಿತ್ಸೆ, ಧೈರ್ಯ, ಎಲ್ಲಿಗೆ ಹೋಗಬೇಕು ಅನ್ನೋ ಸಲಹೆ, ಇಷ್ಟಕ್ಕೇ ಸೀಮಿತ. ಹಾಗೇ ರೋಗಿ ನೇರವಾಗಿ ಬಂದು ತೋರಿಸ್ತೀನಿ ಅಂದಾಗ, ಇಲ್ಲ ವಿಡಿಯೋದಲ್ಲೇ ಆಗಬೇಕು ಅಂತ ಡಾಕ್ಟರ್ ಹಟ ಹಿಡಿದ್ರೂ ಅದು ದುರ್ನಡತೆ.

ಔಷಧಿ ವಿಷಯ ನಮಗೆ ತುಂಬಾ ಇಂಟರೆಸ್ಟಿಂಗ್ ಅನ್ನಿಸ್ತು, ಯಾಕಂದ್ರೆ ಅದು ನೋಡೋಕೆ ಕೋಡಿನ ಇಫ್-ಎಲ್ಸ್ ಥರಾನೇ ಇದೆ. ಪ್ಯಾರಾಸಿಟಮಾಲ್, ಓಆರ್‌ಎಸ್ ಥರದ್ದು 'ಓ' ಪಟ್ಟಿ. ಫೋನ್, ಚಾಟ್, ವಿಡಿಯೋ ಯಾವುದರಲ್ಲಾದರೂ ಹೇಳಬಹುದು. ಕೆಲವು ಚರ್ಮದ ಮುಲಾಮು, ಕಣ್ಣಿನ ಹನಿ ಇಂಥವು 'ಎ' ಪಟ್ಟಿ. ಮೊದಲ ಭೇಟಿಯಲ್ಲೇ ಬರೆಯಬೇಕಾದರೆ ವಿಡಿಯೋ ಆಗಲೇಬೇಕು. ಬಿಪಿ, ಶುಗರ್‌ಗೆ ಈಗಾಗಲೇ ತಗೋತಿರೋ ಔಷಧಿ ಜೊತೆ ಇನ್ನೊಂದನ್ನು ಸೇರಿಸೋದು 'ಬಿ' ಪಟ್ಟಿ. ಅದಕ್ಕೆ ಅದೇ ಡಾಕ್ಟ್ರು ಅದೇ ಕಾಯಿಲೆಗೆ 6 ತಿಂಗಳ ಒಳಗೆ ನಿಮ್ಮನ್ನು ನೇರವಾಗಿ ನೋಡಿರಬೇಕು. 6 ತಿಂಗಳು ದಾಟಿದ್ರೆ ಅಥವಾ ಕಾಯಿಲೆ ಬೇರೆಯಾದ್ರೆ ಲೆಕ್ಕ ಮತ್ತೆ ಸೊನ್ನೆಯಿಂದ, ಅದು ಮೊದಲ ಭೇಟಿಯೇ. ಶೆಡ್ಯೂಲ್ ಎಕ್ಸ್ ಔಷಧಿ, ಮಾದಕ ವಸ್ತು ಕಾಯ್ದೆಯ ಕೆಳಗೆ ಬರೋ ಔಷಧಿಗಳು ನಿಷೇಧಿತ ಪಟ್ಟಿಯಲ್ಲಿವೆ. ಆಮೇಲೆ ಮಾನಸಿಕ ಆರೋಗ್ಯದ ಕೆಲವು ಔಷಧಿಗಳಿಗೆ ಸಡಿಲಿಕೆ ಕೊಟ್ಟರು.

ಪಟ್ಟಿ ಏನೇ ಹೇಳಲಿ, ಎಲ್ಲದರ ಮೇಲೆ ಒಂದು ಷರತ್ತಿದೆ: ಸರಿಯಾಗಿ ರೋಗ ಗುರುತಿಸದೆ ಬರೆದರೆ ಅದು ದುರ್ನಡತೆ. ಇಲ್ಲಿ ನಮ್ಮ ಇನ್ನೊಬ್ಬ ಫ್ರೆಂಡಿನ ಕಥೆ ಹೇಳಬೇಕು. ಅವನಿಗೆ ತೊಡೆಸಂದಲ್ಲಿ ಹುಳುಕಡ್ಡಿ ಆಗಿತ್ತು. ನಾಚಿಕೆಗೆ ಯಾರಿಗೂ ಹೇಳದೆ ಯಾವುದೋ ಆ್ಯಪಲ್ಲಿ ಚಾಟ್ ಮಾಡಿದ. ಆ ಕಡೆಯಿಂದ ಫೋಟೋ ಕೇಳಲಿಲ್ಲ, ವಿಡಿಯೋ ಇಲ್ಲ, ಮುಂಚೆ ಏನಾದ್ರೂ ಹಚ್ಚಿದ್ಯಾ ಅಂತ ಕೇಳಲಿಲ್ಲ. 4 ನಿಮಿಷದಲ್ಲಿ ಚೀಟಿ ಬಂತು, ಅದರಲ್ಲಿ ಸ್ಟೆರಾಯ್ಡ್ ಇರೋ ಮುಲಾಮು. ಹುಳುಕಡ್ಡಿ ಶಿಲೀಂಧ್ರದ ಸೋಂಕು. ಸ್ಟೆರಾಯ್ಡ್ ಹಚ್ಚಿದರೆ ಮೊದಲು ತುರಿಕೆ ಕಮ್ಮಿಯಾಗುತ್ತೆ, ಒಳಗೆ ಸೋಂಕು ಹಬ್ಬುತ್ತೆ. ಅವನಿಗೂ ಹಾಗೇ ಆಯ್ತು. ಆಮೇಲೆ ಚರ್ಮದ ಡಾಕ್ಟ್ರ ಹತ್ತಿರ ತಿಂಗಳುಗಟ್ಟಲೆ ಅಲೆದ. ಹಳೇ ಚೀಟಿ ತೆಗೆದು ನೋಡಿದ್ರೆ ಬರೆದವರ ನೋಂದಣಿ ಸಂಖ್ಯೆನೇ ಇಲ್ಲ! ಒಂದೇ ಥರದ ಫೋನ್, ಒಂದೇ ಥರದ ಆ್ಯಪ್. ಒಂದು ಕಡೆ ಮಾತ್ರೆ ಬರೆಯದೇ ಇದ್ದದ್ದು ಜೀವ ಉಳಿಸ್ತು, ಇನ್ನೊಂದು ಕಡೆ ಬೇಗ ಬರೆದಿದ್ದು ತಿಂಗಳುಗಟ್ಟಲೆ ಕಾಡಿಸ್ತು. ಆದರೆ ಇಬ್ಬರಲ್ಲಿ ಯಾರಿಗೆ 5 ಸ್ಟಾರ್ ರೇಟಿಂಗ್ ಬಂದಿರುತ್ತೆ ಅಂತ ನೀವೇ ಊಹಿಸಿ.

ಯಾವಾಗ ಈ ಹೊಣೆ ಶುರುವಾಗುತ್ತೆ ಅನ್ನೋದೂ ಮುಖ್ಯ. ಡಾಕ್ಟರ್ ಒಬ್ಬರು ಯೂಟ್ಯೂಬಲ್ಲಿ ಡೆಂಗಿ ಬಗ್ಗೆ ಎಲ್ಲರಿಗೂ ಹೇಳೋದು ಬೇರೆ. ಅದು ಆರೋಗ್ಯ ಶಿಕ್ಷಣ. ನಿಮ್ಮ ಹೆಸರು, ವಯಸ್ಸು, ತೊಂದರೆ ಕೇಳಿ, ನಿಮಗೇ ಅಂತ ಔಷಧಿ ಹೇಳೋದು ಬೇರೆ. ಮನೆಮನೆಯಲ್ಲೂ ಒಬ್ಬ ಡಾಕ್ಟರ್ ಮಾವ ಇರ್ತಾರಲ್ಲ, ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಲ್ಲಿ "ಮಾವ, ಅಮ್ಮಂಗೆ ಕೆಮ್ಮು" ಅಂದ್ರೆ ಮಾತ್ರೆ ಹೆಸರು ಹಾಕೋರು, ಅವರೂ ಹೊರತಲ್ಲ. ವಾಟ್ಸ್ಆ್ಯಪ್ ಮೆಸೇಜ್, ಇಮೇಲ್, ಬರೀ ಫೋನ್ ಕಾಲ್ ಎಲ್ಲವೂ ಮಾರ್ಗಸೂಚಿಯ ಒಳಗೇ ಬರುತ್ತೆ. ಎರಡೂ ಕಡೆ ಯಾರು ಅಂತ ಗೊತ್ತಿರಬೇಕು, ಅನಾಮಧೇಯ ಸಮಾಲೋಚನೆ ಇಲ್ಲ. ರೋಗಿ ತಾನೇ ಕರೆ ಮಾಡಿದ್ರೆ ಒಪ್ಪಿಗೆ ಇದೆ ಅಂತ ಅರ್ಥ. ಡಾಕ್ಟ್ರೋ, ಆರೋಗ್ಯ ಕಾರ್ಯಕರ್ತರೋ, ನೋಡಿಕೊಳ್ಳೋರೋ ಶುರು ಮಾಡಿದ್ರೆ ರೋಗಿಯ ಒಪ್ಪಿಗೆಯನ್ನು ಸ್ಪಷ್ಟವಾಗಿ ಕೇಳಿ ದಾಖಲು ಮಾಡಬೇಕು. ರೋಗಿ ಅಪ್ರಾಪ್ತ ವಯಸ್ಕರಾಗಿದ್ರೆ ಜೊತೆಗೆ ದೊಡ್ಡವರು ಇರಲೇಬೇಕು.

ಈಗ ಬೆಂಚಿನ ಮೇಲೆ ಕೇಳಿದ ಪ್ರಶ್ನೆಗೆ ಬರೋಣ. ಯಾರನ್ನ ಕೇಳೋದು?

ಮೂರು ದಾರಿ ಇದೆ, ಮೂರರ ಅಳತೆಗೋಲೂ ಬೇರೆ. ಮೊದಲನೇದು ವೈದ್ಯಕೀಯ ಪರಿಷತ್ತು. ನಮ್ಮ ರಾಜ್ಯದಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತು. ಅದು ದುಡ್ಡು ಕೊಡಿಸಲ್ಲ, ಆದರೆ ಡಾಕ್ಟ್ರ ನೋಂದಣಿಯನ್ನು ಅಮಾನತು ಮಾಡೋ ಅಧಿಕಾರ ಇದೆ. ಎರಡನೇದು ಗ್ರಾಹಕ ಆಯೋಗ. 1995ರಲ್ಲಿ ವಿ.ಪಿ. ಶಾಂತಾ ಕೇಸಲ್ಲಿ ಸುಪ್ರೀಂ ಕೋರ್ಟ್, ದುಡ್ಡು ತಗೊಂಡು ಕೊಡೋ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುತ್ತೆ ಅಂತ ಹೇಳಿತು. 399 ರೂಪಾಯಿ ಆದ್ರೂ ದುಡ್ಡೇ ತಾನೇ. 2019ರ ಹೊಸ ಗ್ರಾಹಕ ಕಾಯ್ದೆಯಲ್ಲಿ ಟೆಲಿಮೆಡಿಸಿನ್‌ಗೆ ಹೇಳಿ ಮಾಡಿಸಿದ ಹಾಗಿರೋ ಒಂದು ಅನುಕೂಲ ಇದೆ: ದೂರು ಕೊಡೋರು ತಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಡಾಕ್ಟರ್ ದೆಹಲಿಯಲ್ಲಿರಲಿ, ಆ್ಯಪಿನ ಆಫೀಸ್ ಗುರುಗ್ರಾಮದಲ್ಲಿರಲಿ, ಹಾಸನದವರು ಹಾಸನದಲ್ಲೇ ಕೇಳಬಹುದು. ಸಾಮಾನ್ಯವಾಗಿ 2 ವರ್ಷದ ಒಳಗೆ ಹಾಕಬೇಕು. ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡೋ ಸೇವೆ ಈ ಕಾಯ್ದೆಯಲ್ಲಿ ಬರಲ್ಲ ಅಂತಲೂ ಅದೇ ಶಾಂತಾ ತೀರ್ಪಲ್ಲಿದೆ. ಹಾಗಾಗಿ ಸರ್ಕಾರದ ಇ-ಸಂಜೀವಿನಿ ಥರದ ಉಚಿತ ಸೇವೆಯ ಮೇಲೆ ಈ ದಾರಿ ಕಷ್ಟ. ಹಾಗಂತ ಅಲ್ಲಿನ ಡಾಕ್ಟ್ರಿಗೆ ಕಾಳಜಿಯ ಹೊಣೆ ಇಲ್ಲ ಅಂತ ಅಲ್ಲ, ಕೇಳೋ ಬಾಗಿಲು ಬೇರೆ ಅಷ್ಟೇ.

ಮೂರನೇದು ಕ್ರಿಮಿನಲ್ ಕೇಸ್. ಇಲ್ಲಿ ನಾವು ಡಾಕ್ಟ್ರುಗಳ ಪರ. 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಅಂದಾಜು ತಪ್ಪಿದ್ದೆಲ್ಲ ಅಪರಾಧ ಅಲ್ಲ, ನಿರ್ಲಕ್ಷ್ಯ ತೀರಾ ಘೋರವಾಗಿರಬೇಕು, ಕೇಸ್ ನಡೆಸೋಕೆ ಮುಂಚೆ ಇನ್ನೊಬ್ಬ ಸಮರ್ಥ ಡಾಕ್ಟ್ರ ಅಭಿಪ್ರಾಯ ಬೇಕು ಅಂತ. ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದಕ್ಕೆ ಅನ್ವಯ. ನೋಂದಾಯಿತ ವೈದ್ಯರಿಗೆ ಚಿಕಿತ್ಸೆ ವೇಳೆಯ ನಿರ್ಲಕ್ಷ್ಯದ ಸಾವಿಗೆ 2 ವರ್ಷದವರೆಗೆ ಶಿಕ್ಷೆ. ಯೋಚನೆ ಮಾಡಿ, ಪ್ರತಿ ತಪ್ಪಿಗೂ ಜೈಲು ಅಂದ್ರೆ ರಾತ್ರಿ 11.30ಕ್ಕೆ ಫೋನ್ ಎತ್ತೋರು ಯಾರು? ನಮ್ಮ ಮೇಡಂ ಕೂಡ ಎತ್ತುತ್ತಿರಲಿಲ್ಲ.

ಯಾವ ದಾರಿ ಹಿಡಿದ್ರೂ ಕೊನೆಗೆ ಎಲ್ಲ ನಿಲ್ಲೋದು ದಾಖಲೆ ಮೇಲೆ. ಚಾಟ್, ಕಾಲ್ ಲಾಗ್, ಕಳಿಸಿದ ರಿಪೋರ್ಟ್, ಚೀಟಿಯ ಪ್ರತಿ ಎಲ್ಲವನ್ನೂ ಡಾಕ್ಟರ್ ಇಟ್ಕೋಬೇಕು ಅಂತ ನಿಯಮ. ಇದರಿಂದ ಡಾಕ್ಟ್ರಿಗೂ ಒಳ್ಳೇದೇ: "ಆಸ್ಪತ್ರೆಗೆ ಹೋಗಿ ಅಂದಿದ್ದೆ" ಅನ್ನೋದಕ್ಕೆ ಸಾಕ್ಷಿ ಅದೇ. ನಮ್ಮ ಮೇಡಂ ಬಾಯಲ್ಲಿ ಹೇಳಿದ್ದನ್ನೇ ಮತ್ತೆ ಟೈಪ್ ಮಾಡಿದ್ದು ಯಾಕೆ ಅಂತ ಈಗ ಅರ್ಥ ಆಯ್ತು. ನಾವೂ ಸ್ಕ್ರೀನ್‌ಶಾಟ್ ಇಟ್ಕೊಳ್ಳೋದು ಒಳ್ಳೇದು. ಮಾತಾಡೋ ಮುಂಚೆ ಡಾಕ್ಟ್ರ ಹೆಸರು, ನೋಂದಣಿ ಸಂಖ್ಯೆ ಕಾಣಿಸ್ತಿದೆಯಾ ನೋಡಿ. ಅದನ್ನು ತೋರಿಸೋದು ಅವರ ಕರ್ತವ್ಯ, ನಾವು ಕೇಳೋದರಲ್ಲಿ ಮುಜುಗರ ಏನಿಲ್ಲ. ಹಾಗೇ ನಾವು ಕುಡಿದಿದ್ದನ್ನೋ, ಈಗಾಗಲೇ ನುಂಗಿದ ಮಾತ್ರೆಯನ್ನೋ ಮುಚ್ಚಿಟ್ಟರೆ, ಆಮೇಲೆ ಎಲ್ಲಾ ಡಾಕ್ಟ್ರ ತಲೆಗೆ ಕಟ್ಟೋಕಾಗಲ್ಲ.

ಒಂದು ಪಕ್ಕದ ಮಾತು. ಪರೀಕ್ಷೆ ಟೆನ್ಷನ್, ನಿದ್ದೆ ಬರದೇ ಇರೋದು, ಅದಕ್ಕಿಂತ ಭಾರವಾದದ್ದು ಏನೇ ಇದ್ರೂ ಟೆಲಿ ಮಾನಸ್ 14416ಕ್ಕೆ ದಿನದ 24 ಗಂಟೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. 2022ರ ಅಕ್ಟೋಬರಲ್ಲಿ ಶುರುವಾಗಿದ್ದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ತಂತ್ರಜ್ಞಾನದ ಬೆಂಬಲ ಬೆಂಗಳೂರಿನ ಐಐಐಟಿಯದ್ದು.

ಇಷ್ಟೆಲ್ಲ ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ಯಾಕೆ ಅಂತ ಕೇಳಬಹುದು. ಇದಕ್ಕೆ ನಮ್ಮ ಮಿನಿ ಪ್ರಾಜೆಕ್ಟೇ ಕಾರಣ. ಲಕ್ಷಣ ಟೈಪ್ ಮಾಡಿದ್ರೆ ಕಾಯಿಲೆ ಹೇಳಿ ಮಾತ್ರೆ ಹೆಸರು ಕೊಡೋ ಚಾಟ್‌ಬಾಟ್ ಮಾಡಿದ್ವಿ, ಕನ್ನಡದಲ್ಲಿ ಬೇರೆ. ಮೊದಲ ರಿವ್ಯೂನಲ್ಲಿ ಡೆಮೋ ಸೂಪರಾಗಿ ಓಡ್ತು. ಗೈಡ್ ಮೇಡಂ ಸ್ಕ್ರೀನ್ ಮೇಲಿದ್ದ ಚೀಟಿ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಇದರ ಕೆಳಗೆ ಸೈನ್ ಯಾರದ್ದು?" ಅಕ್ಯುರಸಿ ಎಷ್ಟು ಅಂತ ಕೇಳ್ತಾರೆ ಅಂತ ನಾವು ತಯಾರಾಗಿ ಹೋಗಿದ್ವಿ. ಈ ಪ್ರಶ್ನೆಗೆ ಸ್ಲೈಡ್ ಇರಲಿಲ್ಲ.

ಉತ್ತರ ಮಾರ್ಗಸೂಚಿಯಲ್ಲೇ ಇದೆ. ಕೃತಕ ಬುದ್ಧಿಮತ್ತೆ ಆಧಾರಿತ ವೇದಿಕೆಗಳು ರೋಗಿಗೆ ಸಲಹೆ ಕೊಡೋ ಹಾಗಿಲ್ಲ, ಔಷಧಿ ಬರೆಯೋ ಹಾಗಿಲ್ಲ; ನೋಂದಾಯಿತ ವೈದ್ಯರಿಗೆ ಸಹಾಯ ಮಾಡಬಹುದು ಅಷ್ಟೇ, ಕೊನೆ ಮಾತು ಅವರದ್ದು. ವೇದಿಕೆ ನಡೆಸೋರ ಮೇಲೂ ಹೊಣೆ ಇದೆ: ಪಟ್ಟಿಯಲ್ಲಿರೋ ಪ್ರತಿ ಡಾಕ್ಟ್ರೂ ನಿಜವಾಗಿ ನೋಂದಾಯಿತರಾ ಅಂತ ಪರಿಶೀಲಿಸಬೇಕು, ದೂರು ಕೇಳೋ ವ್ಯವಸ್ಥೆ ಇರಬೇಕು, ತಪ್ಪಿದರೆ ಕಪ್ಪುಪಟ್ಟಿಗೆ ಹೋಗಬಹುದು. ರೋಗಿಯ ಮಾಹಿತಿ ಡಾಕ್ಟ್ರ ತಪ್ಪಿಲ್ಲದೆ, ತಂತ್ರಜ್ಞಾನದ ಲೋಪದಿಂದ ಸೋರಿಕೆ ಆಗಿದೆ ಅಂತ ಕಂಡುಬಂದರೆ ಅದಕ್ಕೆ ಡಾಕ್ಟರ್ ಹೊಣೆಯಲ್ಲ ಅಂತಲೂ ಅದರಲ್ಲಿದೆ. ಈ ಸಾಲು ಓದಿ ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಡಾಕ್ಟರ್ ಅಲ್ಲ ಅಂದ ಮೇಲೆ ಮತ್ಯಾರು? ಸರ್ವರ್ ಬರೆದವರ ಕಡೆಗೆ ತಾನೇ ಬೆರಳು ತಿರುಗೋದು. ನಮ್ಮ ಡೆಮೋದಲ್ಲಿ ರೋಗಿಯ ಹೆಸರು, ಫೋನ್ ನಂಬರ್, ಕಾಯಿಲೆ ಎಲ್ಲಾ ಪಾಸ್‌ವರ್ಡ್ ಕೂಡ ಇಲ್ಲದ ಒಂದು ಶೀಟಲ್ಲಿ ಬಿದ್ದಿತ್ತು.

ಡಾಕ್ಟರ್ ಎಷ್ಟೇ ಎಚ್ಚರ ಇದ್ರೂ, ಪ್ರತಿ ರೋಗಿಗೆ 3 ನಿಮಿಷ ಅಂತ ಟೈಮರ್ ಓಡಿಸೋದು, 'ಆಸ್ಪತ್ರೆಗೆ ಕಳಿಸಿ' ಅನ್ನೋ ಬಟನ್ನನ್ನು ಮೆನುವಿನೊಳಗೆ ಅಡಗಿಸಿ 'ಔಷಧಿ ಬರೆಯಿರಿ' ಬಟನ್ನನ್ನು ದೊಡ್ಡದಾಗಿ ಹಸಿರಲ್ಲಿ ಇಡೋದು ನಮ್ಮಂಥವರೇ. ನಾವು ಈಗ ಚೀಟಿ ಕೊಡೋ ಭಾಗವನ್ನು ಪೂರ್ತಿ ಕಿತ್ತು ಹಾಕಿದ್ದೀವಿ. ಬಾಟ್ ಈಗ ಮಾಡೋದು ಇಷ್ಟೇ: ರೋಗಿ ಕನ್ನಡದಲ್ಲಿ ಹೇಳಿದ್ದನ್ನು ಯಾವಾಗ ಶುರುವಾಯ್ತು, ಎಲ್ಲಿಂದ ಎಲ್ಲಿಗೆ ಹೋಯ್ತು, ಏನು ತಗೊಂಡಿದ್ದಾರೆ ಅಂತ ಜೋಡಿಸಿ ಡಾಕ್ಟ್ರ ಮುಂದಿಡುತ್ತೆ. ಎದೆನೋವು, ಉಸಿರಾಟದ ಕಷ್ಟ, ಬಲಗಡೆಗೆ ಇಳಿದ ಹೊಟ್ಟೆನೋವು ಇಂಥವು ಬಂದ್ರೆ ಚಾಟ್ ನಿಲ್ಲಿಸಿ 108ರ ನಂಬರ್ ತೋರಿಸುತ್ತೆ. ಕೊನೇದನ್ನ ಸೇರಿಸಿದ್ದು ನಮ್ಮ ರೂಮ್‌ಮೇಟ್. ಹೊಲಿಗೆ ಬಿಚ್ಚಿಸಿಕೊಂಡು ಬಂದವನೇ ಟೆಸ್ಟಿಂಗ್‌ಗೆ ಕೂತ, ಆ ರಾತ್ರಿ ತಾನು ಟೈಪ್ ಮಾಡಿದ್ದ ಮೆಸೇಜನ್ನೇ ಹಾಕಿ ನೋಡಿದ. ಹಳೇ ವರ್ಷನ್ ಅದಕ್ಕೆ ಗ್ಯಾಸಿನ ಮಾತ್ರೆ ಕೊಟ್ಟಿತ್ತು.